ನನ್ನ ಸಲುವಾಗಿ ಕಾಯಬ್ಯಾಡ್ರಿ

ಮುಂದಿನ ಟ್ರೇಲರಿನಿಂದ ಜೋತುಬಿದ್ದ ಒಂದು ಕಬ್ಬಿನ ಗಳ ಡಾಂಬರಿನ ಮೇಲೆ ಗೀರುತ್ತ ಹೋಗುತ್ತಿದೆ, ತುದಿ ಸವೆದು ಬಿಳಿ ನಾರು ಬಿಟ್ಟಿದೆ, ಇನ್ನೇನು ಕಳಚಿ ಬೀಳುತ್ತದೆ, ಇಲ್ಲ, ಬೀಳಲೊಲ್ಲದು — ನಿಂಗರಾಜ ಹಾರ್ನ್ ಹೊಡೆಯುತ್ತಾನೆ, ಟ್ರ್ಯಾಕ್ಟರಿನವನಿಗೆ ತನ್ನ ಹಾಡಿನ ಅಬ್ಬರದಲ್ಲಿ ಕೇಳಿಸದು, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೊರಟ ಸಾಲು, ಒಂದೊಂದಕ್ಕೆ ಎರಡೆರಡು ಟ್ರೇಲರು, ವಿರೂಪಾಕ್ಷ ಎಣಿಸುತ್ತಾನೆ, ಹದಿನಾರು, ಹದಿನೇಳು, ಎಣಿಸುವುದು ಅವನ ಚಟವಲ್ಲ, ಹೊಟ್ಟೆಪಾಡು, ನೈರೋಬಿಯಲ್ಲಿ ಹನ್ನೊಂದು ವರ್ಷದಿಂದ ಕಂಪನಿಗಳ ಸಭೆ-ಸಮ್ಮೇಳನ ಏರ್ಪಡಿಸಿ ಕೊಡುವವನು, ತಲೆ ಎಣಿಸು, ಕೋಣೆ ಎಣಿಸು, ಬಸ್ಸು ಎಣಿಸು, ಎಲ್ಲವನ್ನೂ ಎಣಿಸಿದವನಿಗೆ ಒಂದು ಮಾತು ಕೇಳುವುದು ಉಳಿದುಹೋಯಿತು, ಬರೀ ಒಂದು ಮಾತು, ಅವ್ವ ಇದ್ದಾಳೋ ಇಲ್ಲವೋ ಎಂದು. ಕೇಳಲಿಲ್ಲ. ಮುಕ್ಕಾಲು ತಾಸಿನ ಹಿಂದೆ ಸಾಂಬ್ರಾ ವಿಮಾನ ನಿಲ್ದಾಣದ ಹೊರಗೆ ನಿಂಗರಾಜ, ಕಾಕಾನ ಮಗ, ಕೈಯಿಂದ ಪೆಟ್ಟಿಗೆ ಇಸಿದುಕೊಂಡಾಗ ಮೊದಲು ಬಾಯಿಬಿಟ್ಟವನು ವಿರೂಪಾಕ್ಷನೇ, ಮಣ್ಣು ಸೋಮವಾರ ಮಾಡಿದ್ರೇನ, ಮಂಗಳವಾರ ಮಾಡಿದ್ರೇನ ಎಂದು, ಐದು ದಿನದಿಂದ ಗಟ್ಟಿಮಾಡಿಕೊಂಡ ದನಿಯಲ್ಲಿ, ಸಭೆಯ ವರದಿ ಕೇಳುವವನ ಹಾಗೆ. ನಿಂಗರಾಜ ಪೆಟ್ಟಿಗೆಯನ್ನು ಅಲ್ಲೇ ನೆಲಕ್ಕಿಟ್ಟ. ಯಾವ ಮಣ್ಣೋ, ಅಂದ. ದೊಡ್ಡವ್ವ ಹೋಗಿದ್ದು ಇವತ್ತ ನಸುಕಿನ್ಯಾಗ, ನೀ ಮುಂಬೈದಾಗ ಇದ್ದಿ ಆಗ, ಅಂವ ಬರೂ ಮಟಾ ತಡೀರಿ ಅಂತ ಅಕ್ಕ ಕುಂದ್ರಿಸಿ ಇಟ್ಟಾಳ, ಹೊತ್ತು ಮುಳುಗೂದ್ರಾಗ ಮಣ್ಣು ಮಾಡೂದೈತಿ — ಮತ್ತ ನೀ ಏನ್ ತಿಳದಿದ್ದಿ. ಏನು ತಿಳಿದಿದ್ದ. ಕಾರಿನ ಬಾಗಿಲು ತೆಗೆದು ಕೂತ, ಬೆಲ್ಟು ಹಾಕಿಕೊಂಡ, ಅದನ್ನು ಮಾತ್ರ ಮರೆಯಲಿಲ್ಲ.

ತಿಳಿದದ್ದು ಸೋಮವಾರ ಸಂಜೆ. ನೈರೋಬಿಯ ವೆಸ್ಟ್‌ಲ್ಯಾಂಡ್ಸಿನ ಹೋಟೆಲು, ಏಳನೆಯ ಮಹಡಿಯ ದೊಡ್ಡ ಸಭಾಂಗಣ, ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಬೀಜ ಮತ್ತು ನೀರಾವರಿ ಕಂಪನಿಗಳ ಸಮ್ಮೇಳನ, ಹನ್ನೆರಡು ದೇಶ, ಮುನ್ನೂರ ನಲವತ್ತು ಜನ, ಹದಿನಾಲ್ಕು ತಿಂಗಳ ದುಡಿತ, ಏಣಿಯ ಮೇಲೆ ನಿಂತವನಿಗೆ ಪರದೆ ಇನ್ನೂ ಎಡಕ್ಕೆ, ಇನ್ನೂ ತುಸು ಎಡಕ್ಕೆ ಎಂದು ಕೈಮಾಡುತ್ತಿರುವಾಗ ಜೇಬಿನಲ್ಲಿ ಫೋನು, ಬೈಲಹೊಂಗಲದಿಂದ ಉಮಾಶ್ರೀ ಅಕ್ಕ, ತಮ್ಮಾ, ಅವ್ವಗ ಭಾಳ ಆರಾಮಿಲ್ಲ, ಸೀರಿಯಸ್ ಐತಿ, ಬೆಳಗಾವ್ಯಾಗ ದವಾಖಾನ್ಯಾಗ ಇಟ್ಟೇವಿ, ಇದ್ದಂಗ ಹೊಂಟು ಬಾ. ಅವ್ವನ ಕೈಯಾಗ ಫೋನ್ ಕೊಡು, ಅಂದ. ಒಳಗ ಬಿಡವಲ್ಲರು, ಮಾತಾಡೂ ಹಂಗಿಲ್ಲ, ನೀ ಮೊದಲ ಬಾ. ಅಷ್ಟೇ, ಅಷ್ಟು ಸಾಕಾಯಿತು ಅವನಿಗೆ. ಊರಿನವರು ಸಾವಿನ ಸುದ್ದಿಯನ್ನು ದೂರದಲ್ಲಿರುವವರಿಗೆ ಬಾಯಿಬಿಟ್ಟು ಹೇಳುವುದಿಲ್ಲ, ದಾರಿಯಲ್ಲಿ ಎದೆಯೊಡೆದುಕೊಂಡಾರು ಎಂದು ಆರಾಮಿಲ್ಲ, ಬಾ ಅನ್ನುತ್ತಾರೆ, ಬಂದವನು ಮನೆಮುಂದೆ ಕೂತ ಜನರನ್ನು ಕಂಡು ತಾನೇ ತಿಳಿಯಬೇಕು — ಅಪ್ಪ ಹೋದಾಗ ಧಾರವಾಡದ ಹಾಸ್ಟೆಲಿಗೆ ಕಾಕಾ ಹೀಗೇ ಫೋನು ಮಾಡಿದ್ದ, ಅಪ್ಪಗ ಜ್ವರಾ ಬಂದಾವ, ಬಂದು ಹೋಗು, ಹತ್ತೊಂಬತ್ತು ವರ್ಷದವನು ನಂಬಿದ, ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಿಲೋ ಮೋಸಂಬಿ ಕೊಂಡ, ರಸ ಹಿಂಡಿ ಕುಡಿಸಬೇಕೆಂದು, ಮನೆಮುಂದಿನ ಜನ ಎದ್ದು ದಾರಿ ಬಿಟ್ಟರು, ಚೀಲ ಹಿಡಿದುಕೊಂಡೇ ನಡುಮನೆಗೆ ಹೋದ, ಯಾರೋ ಹೆಣ್ಣುಮಗಳು ಕೈಯಿಂದ ಅದನ್ನು ಬಿಡಿಸಿಕೊಂಡು, ಅಯ್ಯ, ಕೂಸು ಅಪ್ಪಗ ಹಣ್ಣು ತಂದೈತಿ, ಅಂದದ್ದೇ ಇಡೀ ಮನೆ ಗೊಳೋ ಎಂದಿತು, ಅವನಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು, ಎಲ್ಲರಿಗೂ ಗೊತ್ತಿದ್ದದ್ದು ತನಗೊಬ್ಬನಿಗೆ ಗೊತ್ತಿರಲಿಲ್ಲವಲ್ಲ ಎಂದು, ಇನ್ನೊಮ್ಮೆ ಹೀಗೆ ಪೆದ್ದನ ಹಾಗೆ ಓಡಿಬರುವುದಿಲ್ಲ ಎಂದು ಅವತ್ತೇ ಅಂದುಕೊಂಡ. ಆಮೇಲೆ ಕಾಕಾ ಸತ್ತಾಗ ಪುಣೆಯಲ್ಲಿದ್ದ ಈ ನಿಂಗರಾಜನಿಗೆ ಫೋನು ಮಾಡಿದವನೂ ಇವನೇ, ಕಾಕಾಗ ಸ್ವಲ್ಪ ಆರಾಮಿಲ್ಲ, ಬಾ, ಎಂದು ಫೋನಿಟ್ಟು ಹೊಲದಲ್ಲಿ ಕುಣಿ ತೋಡಿಸಲು ಹೋದವನು, ಅಂಥವನಿಗೆ ಅಕ್ಕನ ಮಾತನ್ನು ಯಾರು ಬಿಡಿಸಿ ಹೇಳಬೇಕು. ಹೋಟೆಲಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ, ಹತ್ತು ನಿಮಿಷ, ಮುಖ ತೊಳೆದ, ಲೆಕ್ಕ ಹಾಕಿದ, ಈಗ ಹೊರಟರೂ ಬುಧವಾರದ ಒಳಗೆ ಮನೆ ಮುಟ್ಟುವುದಿಲ್ಲ, ನಾಳೆ ಮಧ್ಯಾಹ್ನಕ್ಕೆ ಮಣ್ಣು ಮುಗಿದಿರುತ್ತದೆ, ಇಲ್ಲದವಳ ಕಡೆಗೆ ಓಡುವುದಕ್ಕಿಂತ ಹಿಡಿದ ಕೆಲಸ ಮುಗಿಸಿ ಹೋಗುವುದೇ ಜಾಣತನ, ಹೌದು, ಜಾಣತನ ಅಂತಲೇ ಅಂದುಕೊಂಡದ್ದು. ಜೊತೆಗೆ ಕೆಲಸ ಮಾಡುವ ವಂಜಿರು ಅವನ ಕಣ್ಣು ನೋಡಿ ಕೇಳಿದಳು, ಏನಾಯಿತು, ಅಮ್ಮ ತೀರಿಕೊಂಡಳು ಅಂದ, ಹಾಗೆಂದು ಫೋನಿನಲ್ಲಿ ಹೇಳಿದರೇನು, ಇಲ್ಲ, ನಮ್ಮ ಕಡೆ ಹಾಗೆ ಹೇಳುವುದಿಲ್ಲ, ಹೇಳದೆ ನಿನಗೆ ಹೇಗೆ ಗೊತ್ತು — ಬೈಲಹೊಂಗಲ ಯಾವ ದಿಕ್ಕಿನಲ್ಲಿದೆ ಎಂದೂ ಅರಿಯದ ಕೀನ್ಯಾದ ಹೆಣ್ಣುಮಗಳು ಕೇಳಬೇಕಾದದ್ದನ್ನೇ ಕೇಳಿದಳು, ಇವನು ಕನಿಕರದಿಂದ ನಕ್ಕ, ನಮ್ಮ ಜನ ನಿನಗೆ ಅರ್ಥವಾಗುವುದಿಲ್ಲ ಅಂದ. ನೀನು ಹೋಗು, ನಾನು ನೋಡಿಕೊಳ್ಳುತ್ತೇನೆ ಎಂದಳು. ಅವನು ಹೋಗಲಿಲ್ಲ.

ಆಗ ಅಕ್ಕನಿಗೆ ಬರೆದದ್ದು ಇನ್ನೂ ಫೋನಿನಲ್ಲಿದೆ, ನೋಡಬಾರದೆಂದರೂ ಬೆರಳು ಅಲ್ಲಿಗೇ ಹೋಗುತ್ತದೆ, ನನ್ನ ಸಲುವಾಗಿ ಕಾಯಬ್ಯಾಡ್ರಿ, ಮುಂದಿಂದು ನೀವ ಮಾಡಿ ಮುಗಸ್ರಿ, ಸಮ್ಮೇಳನ ಆದ ಮ್ಯಾಲೆ ಬರತೇನಿ. ಉಸಿರಾಡುತ್ತಿದ್ದ ತಾಯಿಯನ್ನು ಮಾಡಿ ಮುಗಿಸಿರಿ ಎಂದ ಮಗ. ಅಕ್ಕ ಫೋನು ಮಾಡಿದಳು, ಎತ್ತಲಿಲ್ಲ, ಎತ್ತಿದರೆ ಅವಳು ಅಳುತ್ತಾಳೆ, ಅವಳು ಅತ್ತರೆ ಇವನು ಅಷ್ಟು ಜನರ ಮುಂದೆ ಕುಸಿದುಹೋಗುತ್ತಾನೆ, ಮೂರು ದಿನ ಕಳೆಯಲಿ. ಬರೆದು ರೂಢಿಯಿಲ್ಲದವಳು ದನಿ ತುಂಬಿ ಕಳಿಸಿದಳು, ನಾಲ್ಕು ಸಲ, ಅವನ್ನೂ ತೆರೆಯಲಿಲ್ಲ, ಆಮೇಲೆ ಅವಳೂ ಸುಮ್ಮನಾದಳು, ಸುಮ್ಮನಾದದ್ದಕ್ಕೆ ಇವನಿಗೆ ನಿರಾಳವಾಯಿತು. ಈಗ ಕಾರಿನಲ್ಲಿ ಒಂದನ್ನು ಒತ್ತಿ ಕಿವಿಗೆ ಹಿಡಿದ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ತಮ್ಮಾ, ಅವ್ವ ಎಚ್ಚರ ಅದಾಳ, ನಿನ್ನ ಕೇಳಾಕ ಹತ್ತ್ಯಾಳ, ಹಂಗ್ಯಾಕ ಬರದಿ ನೀ — ಉಳಿದ ಮೂರನ್ನು ಒತ್ತಲು ಕೈ ಬರಲಿಲ್ಲ. ಆ ಮೂರು ದಿನ, ದೇವರೇ, ಎಂಥ ಅಚ್ಚುಕಟ್ಟು, ಎಲ್ಲಕ್ಕೂ ಎರಡನೆಯ ಏರ್ಪಾಡು, ಕರೆಂಟು ಹೋದರೆ ಜನರೇಟರು, ಅದು ಕೆಟ್ಟರೆ ಇನ್ನೊಂದು, ಫ್ರೆಂಚ್ ದುಭಾಷಿಯ ಗಂಟಲು ಕಟ್ಟಿದರೆ ಕಾಯುತ್ತ ಕೂತ ಮತ್ತೊಬ್ಬಳು, ವಿಮಾನ ನಿಲ್ದಾಣದ ದಾರಿ ವಾಹನಗಳಿಂದ ಕಟ್ಟಿಕೊಂಡರೆ ಮೇಲ್ಸೇತುವೆಯ ಟೋಲ್ ರಸ್ತೆ, ಮಂತ್ರಿ ತಡಮಾಡಿದರೆ ಅಷ್ಟರೊಳಗೆ ಮಾತಾಡಲು ಬ್ಯಾಂಕಿನವನು, ಬರುತ್ತೇನೆ ಎಂದವರನ್ನೂ ಮತ್ತೆ ಕೇಳು, ಆಯಿತು ಎಂದದ್ದನ್ನು ಹೋಗಿ ಕಣ್ಣಿಂದ ನೋಡು, ಕೆಲಸಕ್ಕೆ ಸೇರಿದ ಹೊಸಬರಿಗೆ ಅವನು ಹೇಳಿಕೊಡುವುದು ಇದನ್ನೇ — ಈ ವಿದ್ಯೆಯೇನು ಕಾಲೇಜಿನದೆ, ಅವ್ವನದು, ರಾಚವ್ವನದು, ಬೈಲಹೊಂಗಲದ ಅವರ ಓಣಿಯಲ್ಲಿ ಯಾರದೇ ಮದುವೆಯಾಗಲಿ ಬೀಗರನ್ನು ಇಳಿಸಿಕೊಳ್ಳುವುದು ಅವಳದೇ ಕೆಲಸ, ಸವದತ್ತಿಯವರಿಗೆ ಅಟ್ಟದ ಕೋಣೆ, ರಾಮದುರ್ಗದವರನ್ನ ಅವರ ಮುಂದ ಊಟಕ್ಕ ಕುಂದ್ರಸಬ್ಯಾಡ್ರಿ, ಬದುವಿನ ಜಗಳ ಐತಿ, ಸಿರಸಂಗಿ ಮುದುಕಿಗೆ ಖಾರ ಆಗೂದಿಲ್ಲ, ಬ್ಯಾರೆ ಸಾರು ತಗದಿಡ್ರಿ, ಕಾಗದವಿಲ್ಲ, ಪೆನ್ನಿಲ್ಲ, ಎಲ್ಲ ತಲೆಯಲ್ಲಿ. ನೈರೋಬಿಯಲ್ಲಿ ಮೊದಲ ಸಲ ಜಗಳದ ಎರಡು ದೇಶದ ಅಧಿಕಾರಿಗಳನ್ನು ದೂರದೂರ ಕೂರಿಸಿ ಗೆದ್ದ ದಿನ ಅವಳಿಗೇ ಫೋನು ಮಾಡಿ ಹೇಳಿದ್ದ, ಅವಳು ನಕ್ಕಿದ್ದಳು, ಎಲ್ಲಿ ಹೋದ್ರೂ ಬೀಗರು ಬೀಗರ ಬಿಡೋ, ಅಂದಿದ್ದಳು. ಬುಧವಾರ ಒಂಬತ್ತಕ್ಕೆ ಸರಿಯಾಗಿ ದೀಪಗಳು ಬೆಳಗಿದವು, ಮಂತ್ರಿಯೂ ಹೊತ್ತಿಗೆ ಬಂದ, ಕರೆಂಟು ಒಮ್ಮೆಯೂ ಹೋಗಲಿಲ್ಲ, ಶುಕ್ರವಾರ ಅವನ ಹೆಸರು ಕೂಗಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು, ಅವ್ವ ನೋಡುತ್ತಿದ್ದಾಳೆ, ಮೇಲಿಂದ, ಎಂದುಕೊಂಡು ಕಣ್ಣು ಒರೆಸಿಕೊಂಡ. ಮೇಲಿಂದ. ಅವಳು ಆಗ ಓಣಿಯ ಮನೆಯಲ್ಲಿ ಮಂಚದ ಮೇಲೆ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ಎರಡನೆಯ ಜನರೇಟರು ಬೇಕಾಗಲಿಲ್ಲ, ಎರಡನೆಯ ದುಭಾಷಿ ಬೇಕಾಗಲಿಲ್ಲ, ನಿಜ ಹೇಳಬೇಕೆಂದರೆ ಅವನೂ ಬೇಕಾಗಿರಲಿಲ್ಲ, ವಂಜಿರು ಒಬ್ಬಳೇ ಸಾಕಾಗಿತ್ತು.

ಮಲಪ್ರಭೆಯ ಸೇತುವೆ ಬಂತು, ಕಬ್ಬಿನ ಸಾಲು ಕಾರ್ಖಾನೆಯ ಕಡೆ ತಿರುಗಿಕೊಂಡಿತು, ಬೈಲಹೊಂಗಲದ ರಸ್ತೆ ಬರಿದಾಗಿದೆ, ನಿಂಗರಾಜ ರಸ್ತೆಯನ್ನೇ ನೋಡುತ್ತ ಹೇಳುತ್ತಾನೆ, ಮಂಗಳವಾರ ಮಧ್ಯಾಹ್ನನ ಮನಿಗಿ ತಂದ್ವಿ, ನಮ್ಮ ಕೈಯಾಗ ಇನ್ನ ಏನಿಲ್ಲ ಅಂದ್ರು ಡಾಕ್ಟರು, ಮನಿಗಿ ಬಂದಿದ್ದ ತಡ ಕಣ್ಣ ತಗದ್ಲು, ಗಂಜಿ ಕುಡದ್ಲು, ಛಲೋ ಮಾತಾಡಿದ್ಲು, ಮೊದಲ ಕೇಳಿದ್ದ ನಿನ್ನ. ನಾಳಿ ಬರ್ತಾನ ಅಂದ್ಲು ಅಕ್ಕ. ಏನ್ ಅನಬೇಕಾಗಿತ್ತು ಮತ್ತ, ನಿನ್ನ ಮೆಸೇಜ್ ಓದಿ ಹೇಳಬೇಕಾಗಿತ್ತೇನ. ವಿರೂಪಾಕ್ಷ ಅವನ ಕಡೆ ತಿರುಗುತ್ತಾನೆ, ನಾ ತಿಳದೆ, ಹೋಗೇಬಿಟ್ಟಾಳ ಅಂತ, ಆರಾಮಿಲ್ಲ ಬಾ ಅಂದ್ಲಲ್ಲ ಅಕ್ಕ, ನಾವು ಹಂಗ ಹೇಳ್ತೇವಲ್ಲೋ ನಿಂಗ್ಯಾ, ನಿನಗೂ ಹಂಗ ಹೇಳಿದ್ದೆ. ಒಂದು ಹಳ್ಳಿ ದಾಟಿತು, ಇನ್ನೊಂದು ದಾಟಿತು. ಹೌದು, ಹಂಗ ಹೇಳ್ತೇವಿ, ಅಂದ ನಿಂಗರಾಜ. ಹಂಗಾರ ಬದುಕಿದ್ದಾಗ ಏನಂತ ಹೇಳಬೇಕೋ. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು, ನಿಂಗರಾಜ ಬಯ್ಯಲಿಲ್ಲ, ಉತ್ತರ ತನಗೂ ಬೇಕಾಗಿದೆ ಎನ್ನುವ ಹಾಗೆ ಕೇಳಿದ. ಉತ್ತರ ಅದಕ್ಕಿಂತ ಕೆಟ್ಟದ್ದು, ಕಾರಿನ ಗಾಜಿಗೆ ಹಣೆ ಹಚ್ಚಿದವನಿಗೆ ಅದು ತಾನಾಗಿ ತಿಳಿಯುತ್ತಿದೆ — ಒಮ್ಮೆ ಕೇಳಬಹುದಿತ್ತಲ್ಲ, ಅಕ್ಕಾ, ಖರೇ ಹೇಳು, ಜೀವ ಐತೇನ, ಮೂರು ಮಾತು, ಕೇಳದೆ ಇದ್ದದ್ದು ಊರ ರೂಢಿಯಿಂದಲೋ, ಇದೆ ಎಂದುಬಿಟ್ಟರೆ ಹೊರಡಬೇಕಾಗುತ್ತದೆ ಎಂಬ ಹೆದರಿಕೆಯಿಂದಲೋ, ಸತ್ತವಳು ಮೂರು ದಿನ ಕಾಯುತ್ತಾಳೆ, ಬದುಕಿದವಳು ಕಾಯುವುದಿಲ್ಲ, ಅದಕ್ಕೇ ಸತ್ತಳೆಂದುಕೊಂಡನೆ, ಹದಿನಾಲ್ಕು ತಿಂಗಳ ಕೆಲಸಕ್ಕಾಗಿ ಹೆತ್ತವಳನ್ನು ಐದು ದಿನ ಮೊದಲೇ ಕೊಂದುಕೊಂಡನೆ. ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ನಿಂಗರಾಜ ಇನ್ನೂ ಹೇಳುತ್ತಿದ್ದಾನೆ, ದಿನಾ ಮುಂಜಾನೆ ದೊಡ್ಡವ್ವ ಅಕ್ಕನ್ನ ಎಬಸಾಕಿ, ಏಳ, ತಲಿ ಹಿಕ್ಕು, ಅಂವ ಬರೂ ಹೊತ್ತಾತು, ಹಿಂಗ ಕೆದರಿದ ತಲಿ ನೋಡಿದ್ರ ಗಾಬ್ರಿ ಆಕ್ಕಾನ. ಅಕ್ಕ ಎಣ್ಣಿ ಹಚ್ಚಿ ಹಿಕ್ಕಾಕಿ, ತುರುಬ ಕಟ್ಟಾಕಿ. ಸಂಜೀಕ ದಿಂಬಿಗಿ ತಿಕ್ಕಿ ತಿಕ್ಕಿ ಮತ್ತ ಎಲ್ಲಾ ಸಿಕ್ಕ. ಮತ್ತ ಮುಂಜಾನೆ ಹಿಕ್ಕು ಅನ್ನಾಕಿ. ನಿನ್ನಿ ಕುಂದ್ರಾಕ ಆಗವಲ್ದು, ನಾ ಹಿಂದಿನಿಂದ ಹಿಡದಿದ್ದೆ. ಹಿಕ್ಕಿ ಮುಗದ ಮ್ಯಾಲೆ ತಾನ ಕೈ ಎತ್ತಿ ಬೈತಲಿ ಮ್ಯಾಲೆ ಬೆರಳ ಆಡಿಸಿ ನೋಡಿದ್ಲು, ಸರಳ ಐತೇನ, ಅಂತ ಕೇಳಿದ್ಲು.

ಐದು ಮುಂಜಾನೆ. ಮಂಗಳವಾರದ್ದು ಹಿಡಿಯಬಾರದು, ಅವತ್ತು ಮನೆಗೆ ತಂದದ್ದೇ ಮಧ್ಯಾಹ್ನ, ಹಾಗಾದರೆ ನಾಲ್ಕು, ಬುಧವಾರ ಮಂತ್ರಿ ಬಂದ ಮುಂಜಾನೆ, ಗುರುವಾರ, ಚಪ್ಪಾಳೆಯ ಶುಕ್ರವಾರ, ಶನಿವಾರ, ನಾಲ್ಕು ಸಲ ಎಣ್ಣೆ, ನಾಲ್ಕು ಸಲ ತುರುಬು — ಇದನ್ನು ಎಣಿಸುತ್ತಾರೇನೋ, ಬೇರೇನಾದರೂ ಯೋಚಿಸು, ಮನೆ ಹತ್ತಿರವಾಯಿತು, ಹೋದ ಕೂಡಲೆ ಮೊದಲು ಅಕ್ಕನ ಕಾಲು ಹಿಡಿಯಬೇಕು, ಅವಳು ಹಿಡಿಯಗೊಡುವುದಿಲ್ಲ, ಹೂವಿನವರಿಗೆ ಹೇಳಿದ್ದಾರೋ ಏನೋ, ಸಿರಸಂಗಿಯಿಂದ ಅವ್ವನ ತವರಿನವರು ಬಂದರೋ ಇಲ್ಲವೋ, ಅವರಿಗೆ ನೆರಳಿನಲ್ಲಿ ಜಾಗ ಮಾಡಬೇಕು, ಭಜನೆಯವರಿಗೆ ಚಹಾ, ಮಣ್ಣಿಗೆ ಬರುವ ಜನ ಎಷ್ಟು, ಮುನ್ನೂರು, ಹೆಚ್ಚೇ, ನೀರಿನ ಟ್ಯಾಂಕರು ಎರಡು ಬೇಕು, ಒಂದು ಬಾರದಿದ್ದರೆ ಇನ್ನೊಂದು, ಗೋಡೆಗೊರಗಿಸಿ ಕೂರಿಸಿರುತ್ತಾರೆ, ಹಣೆತುಂಬ ವಿಭೂತಿ, ಕೊರಳತುಂಬ ಹಾರ, ಸೆರಗು ತಲೆಯ ಮೇಲೆ ಎಳೆದಿರುತ್ತಾರೆ, ಸೆರಗಿನ ಕೆಳಗೆ ತಲೆ, ಇವತ್ತು ಮುಂಜಾನೆ ಅದನ್ನು ಹಿಕ್ಕಿದರೋ ಇಲ್ಲವೋ, ಹಿಕ್ಕಿರಬೇಕು, ಅಕ್ಕ ಬಿಡುವವಳಲ್ಲ, ನೀರಿನ ಟ್ಯಾಂಕರು, ಜಾಗ, ಚಹಾ — ಆ ಬೆರಳು, ಚರ್ಮ ಸಡಿಲಾದ, ತುದಿಯಲ್ಲಿ ಎಣ್ಣೆ ಹತ್ತಿದ ಬೆರಳು, ಹಣೆಯ ಮೇಲಿಂದ ಹೊರಡುತ್ತದೆ, ಬಿಳಿಕೂದಲ ನಡುವೆ ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ, ಎಲ್ಲೂ ಓರೆಯಾಗಿಲ್ಲ, ನಡುನೆತ್ತಿಗೆ ಬಂದು ನಿಲ್ಲುತ್ತದೆ, ಸರಳ ಐತೇನ, ಮತ್ತೆ ಹಣೆಯಿಂದ, ಮೆಲ್ಲಗೆ, ಬಾಗಿಲ ಕಡೆ ನೋಡುತ್ತ, ನಡುನೆತ್ತಿಯವರೆಗೆ, ಸರಳ ಐತೇನ, ಮತ್ತೆ ಹಣೆಯಿಂದ, ಬೆರಳು.