ಮಾಳಿಗೆ ಮೇಲಿನ ಬಿಸಿಲು

ಕಮತಗಿಯ ಸುಂದರವ್ವನ ಬಾಯಿಗೆ ಇಡೀ ಓಣಿಯೇ ಹೆದರುತ್ತಿತ್ತು. ಅಂಥ ಬಾಯಿ ಆ ಸಂಜೆ ಕಟ್ಟಿಹೋಯಿತು.

ಆಕೆಯ ಗಂಡ ಕಲ್ಲಪ್ಪ ಇಳಕಲ್ಲಿನ ಗ್ರಾನೈಟ್ ಗಣಿಯಲ್ಲಿ ದುಡಿದು ಎದೆತುಂಬ ಕಲ್ಲಿನ ಧೂಳು ತುಂಬಿಕೊಂಡಿದ್ದ. ಈಗ ಅವನ ಉಸಿರೆಂದರೆ ಆಕ್ಸಿಜನ್ ಯಂತ್ರ. ಊರಿನ ಕರೆಂಟನ್ನು ನಂಬಿದರೆ ಮುಗಿಯಿತು! ಅದಕ್ಕೇ ಮಗಳು ಭಾಗ್ಯಜ್ಯೋತಿ ಮಾಳಿಗೆ ಮೇಲೆ ಸೋಲಾರ್ ಪ್ಯಾನಲ್, ಒಳಗೆ ದೊಡ್ಡ ಬ್ಯಾಟರಿ ಕೂರಿಸಿದ್ದಳು.

"ಹಗಲೆಲ್ಲಾ ಬಿಸಿಲು ಕುಡೀತೈತಿ, ರಾತ್ರಿಯೆಲ್ಲಾ ಅಪ್ಪಗ ಉಸಿರು ಕೊಡತೈತಿ. ಚಿಂತಿ ಬಿಡಬೇ ಯವ್ವಾ" ಎಂದಿದ್ದಳು.

ಆ ಸಂಜೆಯ ಹಿಂದಿನ ದಿನ ನಸುಕಿಗೇ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಎಲ್ಲರ ಮನೆ ಕತ್ತಲು. ಸುಂದರವ್ವನಿಗೆ ಯಾವ ಲೆಕ್ಕ? ಗಂಡನ ಬಾಯಿರುಚಿಗೆಂದು ಮಾಳಿಗೆ ಮೇಲೆ ಸಂಡಿಗೆ ಹಾಕಿ ಬಂದು, "ನಮ್ಮನ್ಯಾಗ ಸೂರ್ಯ ರಾತ್ರಿನೂ ಇರತಾನ" ಎಂದು ನೆರೆಯ ಸಂಗವ್ವನ ಮುಂದೆ ಕೊಚ್ಚಿಕೊಂಡಳು.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಯಂತ್ರ ಕೀಂವ್ ಎಂದು ಕೂಗಿ ನಿಂತುಬಿಟ್ಟಿತು. ಕಲ್ಲಪ್ಪನ ತುಟಿಗಳು ನೀಲಿಗಟ್ಟಿದವು.

"ಯಪ್ಪಾ ದೇವರೇ! ಯಾರರ ಬರ್ರ್ಯೋ!"

ಸಂಗವ್ವನ ಗಂಡ ದೇವಪ್ಪ ಓಡಿ ಬಂದು, ಆಂಬುಲೆನ್ಸಿಗೆ ಫೋನ್ ಮಾಡಿ, ಪ್ಯಾನಲ್ ನೋಡಲು ಮಾಳಿಗೆ ಹತ್ತಿದ. ಇತ್ತ ಸುಂದರವ್ವ ಗಂಡನ ಎದೆ ತಿಕ್ಕುತ್ತ, "ಬ್ಯಾಟರಿ ಮಾರಿದವನ ಮನಿ ಹಾಳಾಗ್ಲಿ!" ಎಂದು ಶಪಿಸುತ್ತಿದ್ದಳು.

ಮೇಲಿನಿಂದ ದೇವಪ್ಪನ ಕೂಗು ಬಂತು. "ಸುಂದರಕ್ಕಾ! ಪ್ಯಾನಲ್ ತುಂಬ ಪತ್ತಲ ಹಾಸಿ ಸಂಡಿಗಿ ಹಾಕಿದವರು ಯಾರು?"

ಸುಂದರವ್ವನ ಶಾಪ ಅರ್ಧಕ್ಕೇ ನಿಂತಿತು. ನೆಲದ ಮೇಲೆ ಹಾಕಿದರೆ ಕೋಳಿ ಕಾಟ, ಧೂಳು. ಪ್ಯಾನಲ್ಲಿನ ಗಾಜು ಹೆಂಚಿನಂತೆ ಕಾಯುತ್ತದೆ, ಬೇಗ ಒಣಗುತ್ತವೆ ಎಂದು ತನ್ನ ಹಳೆಯ ಇಳಕಲ್ ಸೀರೆ ಹಾಸಿದ್ದು ತಾನೇ. ತನ್ನ ಜಾಣತನಕ್ಕೆ ತಾನೇ ಹಿಗ್ಗಿದ್ದಳು ಬೇರೆ! ಎರಡು ದಿನದಿಂದ ಬ್ಯಾಟರಿಗೆ ಒಂದು ಗುಟುಕು ಬಿಸಿಲೂ ಸಿಕ್ಕಿರಲಿಲ್ಲ.

ಆಂಬುಲೆನ್ಸ್ ಸಿಲಿಂಡರ್ ತಂದಿತು. ಹೇಗೋ ಜೀವ ಉಳಿಯಿತು. ಮರುದಿನ ಬಾಗಲಕೋಟೆಯ ದವಾಖಾನೆಯಲ್ಲಿ ಕಲ್ಲಪ್ಪ ಕಣ್ಣು ತೆರೆದ. ಸುಂದರವ್ವ ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ಯಾಕ, ಸುಮ್ಮನ ಕುಂತಿ? ನಾ ಸತ್ತಿಲ್ಲ" ಎಂದು ನಕ್ಕ ಅವನು. "ಸಂಡಿಗಿ ಒಣಗಿದ್ವೇನ? ಮನಿಗೆ ಹೋದ ಮ್ಯಾಲೆ ನಾಕು ಕರದು ಕೊಡು."

ಸುಂದರವ್ವ ಅವನ ಹೊದಿಕೆ ಸರಿಪಡಿಸಿದಳು.

"ಒಣಗ್ಯಾವ್ರಿ" ಎಂದಳು. "ನಿಮ್ಮ ಪಾಲಿನ ಬಿಸಿಲೆಲ್ಲಾ ಅವೇ ಕುಡದಾವ."