ಹಿತ್ತಲ ಬಾಳೆ

ಹೊಸೂರಿನ ಆಲಸನತ್ತ ಬಡಾವಣೆಯ ಸರಳಾ ಒಂದು ಸಂಸ್ಥೆಯಲ್ಲಿ ಆರು ತಿಂಗಳು ಸಹಜ ಬೇಸಾಯ ಕಲಿತು, ಡೆಂಕಣಿಕೋಟೆಯಾಚೆಯ ಬೆಟ್ಟದೂರೊಂದಕ್ಕೆ ಅದನ್ನೇ ಕಲಿಸಲು ವಾರಕ್ಕೊಮ್ಮೆ ಬರುತ್ತಿದ್ದಳು. ದಿನಾ ತಿನ್ನುವುದು ಅಡಿಗೆಮನೆ ಬಾಗಿಲಲ್ಲೇ ಬೆಳೆಯಬೇಕು ಎಂಬುದು ಅವಳ ಮೊದಲ ಪಾಠ. ಪಾತ್ರೆ ತೊಳೆದ ನೀರು ಹರಿಯುವ ಜಾಗಕ್ಕೆಂದು ನಾಲ್ಕು ಮನೆಗೆ ಬಾಳೆಗಿಡ ಹಂಚಿದಳು.

"ಬಾಳೆ ಬ್ಯಾಡ ಟೀಚರಮ್ಮ, ಆನೆ ಬತ್ತದೆ," ಎಂದರು ಗಿಡ ಸಿಕ್ಕ ನಾಲ್ವರಲ್ಲೊಬ್ಬರಾದ ಮುದುಕಿ ವರಲಕ್ಷ್ಮಮ್ಮ.

"ಬೇಲಿಗೆ ಮೆಣಸಿನಕಾಯಿ ಕಟ್ಟಿದ್ರೆ ಬರಲ್ಲ ಅಜ್ಜಿ, ಪುಸ್ತಕದಲ್ಲೇ ಇದೆ," ಎಂದು ಸರಳಾ ಎಲ್ಲರೆದುರು ನಕ್ಕಳು. ಅಜ್ಜಿ ಗಿಡ ಎತ್ತಿಕೊಂಡು ಹಿತ್ತಲಿಗೆ ನಡೆದರು.

ಮರುವರ್ಷ ಗೊನೆ ಬಲಿಯುವ ಹೊತ್ತಿಗೆ ಆನೆ ಬಂತು. ಸುದ್ದಿ ಕೇಳಿ ಬೆಳಗಿನ ಬಸ್ಸಿಗೆ ಓಡಿಬಂದ ಸರಳಾ ನೋಡಿದರೆ, ವರಲಕ್ಷ್ಮಮ್ಮನವರ ಅಡಿಗೆಮನೆಗೆ ಹಿಂದಿನ ಗೋಡೆಯೇ ಇರಲಿಲ್ಲ. ಪೆಟ್ಟಾದ ಕಾಲಿಗೆ ಬಟ್ಟೆ ಸುತ್ತಿಕೊಂಡು ಅವರು ಮಣ್ಣಿಗೆ ಚೆಲ್ಲಿದ ರಾಗಿಯನ್ನು ಕೇರುತ್ತಿದ್ದರು.

ಹಿಂದೆಯೇ ಸಂಸ್ಥೆಯ ಹಿರಿಯರೊಬ್ಬರು ಜೀಪಿನಲ್ಲಿ ಬಂದು ಹೇಗಾಯಿತೆಂದು ಕೇಳಿದರು.

"ಕಾಡಂಚು ಸಾರ್. ಆನೆ ಬರೋದೇನು ಹೊಸದಾ?" ಎಂದರು ವರಲಕ್ಷ್ಮಮ್ಮ, ಸರಳಾಳ ಕಡೆ ನೋಡದೆ.

ಸರಳಾ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಹೌದೆಂಬಂತೆ ತಲೆಯಾಡಿಸಿದಳು. ಜೀಪು ಹೋದಮೇಲೆ ಮುದುಕಿ ಕೊಟ್ಟ ಮಜ್ಜಿಗೆಯನ್ನು ಹಾಗೇ ಇಟ್ಟು ಬಸ್ಸಿಗೆ ಹೊರಟಳು.

ನಾಲ್ಕನೆಯ ದಿನ ಪಾಠವಿತ್ತು. ಶಾಲೆಯ ಜಗಲಿಯಲ್ಲಿ ಕೂತವರ ಮುಂದೆ ನಿಂತು ಹೇಳಿದಳು: "ಅಜ್ಜಿ ಬೇಡ ಅಂದಿದ್ರು. ನಾನು ಕೇಳಲಿಲ್ಲ. ಸಾರ್ ಮುಂದೇನೂ ಒಪ್ಕೊಳ್ಳಲಿಲ್ಲ. ಇವತ್ತು ಬೆಳಿಗ್ಗೆ ಅವರಿಗೆ ಎಲ್ಲಾ ಹೇಳಿ ಬಂದಿದೀನಿ."

ಅಜ್ಜಿಯ ಪಕ್ಕದ ಮನೆಯ ಮುನಿಶಾಮಿ ಕೆಮ್ಮಿದ. "ನಮ್ಗೆಲ್ಲಾ ಗೊತ್ತಿತ್ತು ಕಣಮ್ಮ. ಓದಿದೋರು, ಬೇಜಾರು ಮಾಡ್ಕೋತೀರಿ ಅಂತ ಸುಮ್ಕಿದ್ವಿ. ನಮ್ಮನೆ ಗಿಡ ಒಣಗ್ಹೋಯ್ತು ಅಂದಿದ್ನಲ್ಲ, ಸುಳ್ಳು. ನೆಟ್ಟ ಮಾರನೇ ದಿನಾನೇ ಕಿತ್ತಾಕ್ಬುಟ್ಟೆ. ಇನ್ನೆರಡು ಮನೆ ಗಿಡಾನೂ ಅಷ್ಟೇ."

"ಮತ್ತೆ ನೀವ್ಯಾಕೆ ಕೀಳಲಿಲ್ಲ ಅಜ್ಜಿ?" ಎಂದಳು ಸರಳಾ.

ವರಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡರು. "ನೀವು ವಾರ ವಾರ ಬಂದು ಅಷ್ಟು ಆಸೇಲಿ ನೋಡ್ತಿದ್ರಲ್ಲ ತಾಯಿ. ಮನಸು ಬರ್ಲಿಲ್ಲ."

ಸರಳಾಗೆ ತಲೆಯೆತ್ತಲಾಗಲಿಲ್ಲ. ಆನೆಗಿಂತ ಆ ಮಾತೇ ಅವಳನ್ನು ಹೆಚ್ಚು ತುಳಿಯಿತು.

ಅಂದು ಪಾಠ ನಡೆಯಲಿಲ್ಲ. ಎಲ್ಲರೂ ಗೋಡೆ ಎಬ್ಬಿಸಲು ಹೋದರು. ಯಾರೂ ಅವಳನ್ನು ಕರೆಯಲಿಲ್ಲ, ಬೇಡವೆನ್ನಲೂ ಇಲ್ಲ. ಚಪ್ಪಲಿ ಬಿಟ್ಟು, ಸೀರೆ ಎತ್ತಿಕಟ್ಟಿ, ಸರಳಾ ಗೋಡೆಗೆಂದು ಕಲಸಿದ್ದ ಕೆಸರಿಗಿಳಿದಳು. ಹೊತ್ತು ನೆತ್ತಿಗೇರಿದಾಗ ವರಲಕ್ಷ್ಮಮ್ಮ ಕುಂಟುತ್ತ ಬಂದು, ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿದರು.

"ಇನ್ನೂ ಮೆತ್ತಗಾಗ್ಬೇಕು," ಎಂದರು. "ತುಳಿ."