ಮೇಲಿನ ಮನೆ ಮತ್ತು ಅಮೆರಿಕದ ಸುದ್ದಿ

ಅಮೆರಿಕದ ಸುದ್ದಿ ಓದಿ ನನಗೆ ಸಿಟ್ಟು ಬರುವುದು ನಿಂತುಹೋಗಿದೆ. ಇದನ್ನು ಯಾರಿಗೂ ಹೇಳುವಂತಿಲ್ಲ. ಮೊದಲು ಬರುತ್ತಿತ್ತೆಂಬುದೇ ಯಾರಿಗೂ ಗೊತ್ತಿರಲಿಲ್ಲ. ದಿನಚರಿಯಲ್ಲಿ ಮಾತ್ರ ಬರೆದುಕೊಂಡೆ: 'ಈ ವಾರ ಒಮ್ಮೆಯೂ ಬರಲಿಲ್ಲ. ಜ್ವರ ಬಿಟ್ಟಿತೋ, ಮೈಯೇ ತಣ್ಣಗಾಯಿತೋ ತಿಳಿಯುತ್ತಿಲ್ಲ.'

ನಮ್ಮ ಬಳಗದವರು ಯಾರೂ ಅಮೆರಿಕದಲ್ಲಿಲ್ಲ. ಮಾನವಿಯಲ್ಲಿದ್ದಾರೆ, ಕುರ್ಡಿಯಲ್ಲಿದ್ದಾರೆ, ತೀರ ದೂರ ಹೋದವರೆಂದರೆ ಹೈದರಾಬಾದಿನ ಸೋದರತ್ತೆ. ಆದರೂ ರಾಜ್ಯಶಾಸ್ತ್ರದ ಎಂ.ಎ. ಓದುವಾಗ ಹಿಡಿದ ಗೀಳು ಪದವಿ ಕೈಗೆ ಬಂದ ಮೇಲೂ ಬಿಡಲಿಲ್ಲ. ಆ ದೇಶದ ಸಂವಿಧಾನವನ್ನು ಪರೀಕ್ಷೆಗೆಂದು ಓದಿದ್ದೆ. ಈಗ ಅದರ ಒಂದೊಂದೇ ಎಳೆ ಬಿಚ್ಚಿಕೊಳ್ಳುವುದನ್ನು ಯಾವ ಪರೀಕ್ಷೆಯೂ ಇಲ್ಲದೆ ನೋಡುತ್ತ ಕುಳಿತಿದ್ದೇನೆ. ಬೆಳಿಗ್ಗೆ ಎದ್ದರೆ ಮೊದಲು ಫೋನು. ನಾವು ಮಲಗಿದ್ದಾಗ ಅಲ್ಲಿ ಹಗಲು. ಏನಾದರೂ ಒಂದು ಮಾಡಿಯೇ ಇಟ್ಟಿರುತ್ತಾರೆ.

ಮುಖ ಮುಚ್ಚಿಕೊಂಡ ಅಧಿಕಾರಿಗಳು ಕೆಲಸದ ಜಾಗದಿಂದ ವಲಸಿಗರನ್ನು ಎಳೆದೊಯ್ಯುವ ವಿಡಿಯೋ ಮೊದಲ ಸಲ ನೋಡಿದಾಗ ನನಗೆ ಅನ್ನ ಇಳಿದಿರಲಿಲ್ಲ. ಈಗ ಅನ್ನಕ್ಕೆ ಸಾರು ಕಲಸುತ್ತಲೇ ನೋಡುತ್ತೇನೆ. ಶಿಕಾಗೋದಲ್ಲಿ ಆ ಅಧಿಕಾರಿಗಳ ಗಾಡಿ ಓಣಿಗೆ ಬಂದರೆ ಅಕ್ಕಪಕ್ಕದವರು ಬಾಗಿಲಿಗೆ ಬಂದು ಸೀಟಿ ಊದಿ, ಕೂಗಿ ಎಲ್ಲರನ್ನೂ ಎಚ್ಚರಿಸುತ್ತಾರಂತೆ. ಮನೆಯ ಉಡುಪಿನಲ್ಲೇ, ಕೂದಲು ಕೆದರಿಕೊಂಡೇ. ಎಂಥ ಗಂಟಲು ಅವರದು ಅನಿಸುತ್ತದೆ. ನಾನು ಬಸ್ಸಿನಲ್ಲಿ 'ಇಳಿಯೋರದೀವ್ರಿ' ಎಂದು ಕೂಗಲಾಗದೆ, ಇಳಿಯಬೇಕಿದ್ದ ಗಬ್ಬೂರು ದಾಟಿ ಮುಂದಿನ ಊರಿನಲ್ಲಿ ಇಳಿದವಳು.

ದೀಪಾವಳಿಗೆ ಮುಂಚಿನ ಏಕಾದಶಿ. ನಮ್ಮ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ, ಮರುದಿನ ದ್ವಾದಶಿಯ ಬೆಳಿಗ್ಗೆ ಪಾರಣೆಯ ಊಟವಾಗುವತನಕ ಅಪ್ಪ ಅಮ್ಮ ಇಬ್ಬರಿಗೂ ನಿರಾಹಾರ. ಅಪ್ಪ, ಪ್ರಾಣೇಶರಾಯರು, ದೇವದುರ್ಗದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿ ನಿವೃತ್ತರಾದವರು. ಹಸಿವು ಮರೆಯಲು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು.

"ಅಮೆರಿಕಾದಾಗ ಸರ್ಕಾರನ ಬಂದ್ ಆಗ್ಯದ ನೋಡು."

"ಸರ್ಕಾರ ಬಂದ್ ಅಂದ್ರ? ಕೀಲಿ ಹಾಕ್ಯಾರೇನು?" ಎಂದರು ಅಮ್ಮ.

"ಬಜೆಟ್ ಪಾಸ್ ಆಗಿಲ್ಲಂತ."

"ಮತ್ತ ಊರಿಗೆಲ್ಲಾ ಬುದ್ಧಿ ಹೇಳ್ತಿರ್ತಾರ."

"ಅದು ಹೋಗ್ಲಿ. ದಾರ್‍ಯಾಗ ನಡದವರನ್ನ ನಿಲ್ಲಿಸಿ, ಬಣ್ಣ ನೋಡಿ, ನೀ ಯಾರಂವ, ಎಲ್ಲಿಂದ ಬಂದಿ ಅಂತ ಕೇಳ್ತಾರಂತ. ಇದು ಪ್ರಜಾಪ್ರಭುತ್ವನ? ನೀನ ಹೇಳು ವಲ್ಲೀ."

ನಾನು ತಲೆ ಅಲ್ಲಾಡಿಸಿದೆ. ಅಪ್ಪನ ಸಿಟ್ಟು ನಿಜವಾದದ್ದು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಅಷ್ಟರಲ್ಲಿ ಗೇಟಿನ ಸಪ್ಪಳ. ಇಲ್ಲಿ ರಾಯಚೂರಿನ ಕಾಲೇಜಿಗೆ ಹೊಸದಾಗಿ ಬಂದ ಲೆಕ್ಚರರ್ ಒಬ್ಬರು ಮನೆ ನೋಡಲು ಬರುತ್ತಾರೆಂದು ಅಲ್ಲಿನ ಗುಮಾಸ್ತರು ಹಿಂದಿನ ದಿನವೇ ಹೇಳಿ ಕಳಿಸಿದ್ದರು. ಹಳೆಯ ಬಾಡಿಗೆಯವರು ಬಿಟ್ಟು ಹೋದ ಮೇಲೆ ಮೇಲಿನ ಮನೆ ಖಾಲಿ ಬಿದ್ದಿತ್ತು. ಬಂದವಳು ನನ್ನ ವಯಸ್ಸಿನವಳೇ. ಹತ್ತಿ ಸೀರೆ, ಹೆಗಲಿಗೊಂದು ಬ್ಯಾಗು, ಬಿಸಿಲಿಗೆ ಕೆಂಪೇರಿದ ಮುಖ. ಹೆಸರು ಮೌನೇಶ್ವರಿ ಎಂದಳು. ರಸಾಯನಶಾಸ್ತ್ರ ಹೇಳುತ್ತಾಳಂತೆ.

"ಯಾವೂರವ್ವಾ?" ಎಂದರು ಅಪ್ಪ.

"ಮಸರಕಲ್ರಿ ಸರ. ದೇವದುರ್ಗ ತಾಲೂಕು."

"ಗೊತ್ತಿಲ್ಲೇನು! ನನ್ನ ಅರ್ಧ ಆಯುಷ್ಯ ಅಲ್ಲೇ ಹೋತು."

ಅಮ್ಮ ಒಳಗಿನಿಂದಲೇ ಕೇಳಿದರು. "ನಮ್ಮ ಮನ್ಯಾಗ ಇವತ್ತ ಏನೂ ಮಾಡಂಗಿಲ್ಲ. ಒಂದು ಲೋಟಾ ಹಾಲು ಕೊಡ್ಲೇನವ್ವಾ?"

"ಬ್ಯಾಡ್ರಿ ಯವ್ವಾ. ಇವತ್ತ ಉಪಾಸ ಅದೀನ್ರಿ."

ಅಮ್ಮನ ಮುಖ ಅರಳಿದ್ದು ನನಗೆ ಪಡಸಾಲೆಯಿಂದಲೇ ಕಂಡಿತು. ಈ ಕಾಲದಲ್ಲಿ, ಇಷ್ಟು ಸಣ್ಣ ವಯಸ್ಸಿಗೆ, ಏಕಾದಶಿ! ಅಪ್ಪನ ಹತ್ತಿರ ಬಂದು ಪಿಸುಗುಟ್ಟಿದರು: "ನಮ್ಮ ಪೈಕಿನೇ ಇರಬೇಕು. ಹೆಸರೇನು, ತಿಂಥಣಿ ದೇವರಿಗೆ ಹರಕಿ ಹೊತ್ತಿರ್ತಾರ, ಇಟ್ಟಿರ್ತಾರ."

ಮನೆ ತೋರಿಸಲು ಅವಳನ್ನು ಮೆಟ್ಟಿಲು ಹತ್ತಿಸಿಕೊಂಡು ಹೋದವಳು ನಾನು. ಕೈಯಲ್ಲಿ ಫೋನು ಇತ್ತು. ಅದರಲ್ಲಿ ಯಾರೋ ಒಬ್ಬ ಸೆನೆಟರ್ ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದ.

"ಅಮೆರಿಕಾದ್ದೇನ್ರಿ?" ಎಂದು ಬಗ್ಗಿ ನೋಡಿದಳು.

"ಹ್ಞೂಂ. ಶಟ್‌ಡೌನ್ ಆಗ್ಯದ. ನೌಕರರಿಗೆ ಪಗಾರಿಲ್ಲಂತ."

"ಅಯ್ಯ, ಅದೇನ್ ಸುದ್ದೀರಿ? ಗೆಸ್ಟ್ ಲೆಕ್ಚರರ್ ಇದ್ದಾಗ ನಮಗ ವರ್ಷಪೂರ್ತಿ ಶಟ್‌ಡೌನೇ."

ನಾನು ನಕ್ಕೆ. ಯಾರದೋ ಮುಂದೆ ಹಾಗೆ ಧ್ವನಿ ತೆಗೆದು ನಕ್ಕು ಎಷ್ಟು ಕಾಲವಾಗಿತ್ತೋ. ಅವಳು ಎರಡೂ ಕೋಣೆ ನೋಡಿದಳು, ನಲ್ಲಿ ತಿರುಗಿಸಿದಳು, ಕಿಟಕಿಗೆ ಮುಖವೊಡ್ಡಿ ಗಾಳಿ ಬರುತ್ತದೆ ಎಂದಳು. ಆಮೇಲೆ ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತಳು.

"ಚಕ್ಕರ ಬರಾಕತ್ತೈತ್ರಿ. ಕೆಲಸಕ್ಕ ಸೇರಾಕ ಮೆಡಿಕಲ್ ಸರ್ಟಿಫಿಕೇಟ್ ಬೇಕಲ್ಲ. ರಕ್ತ ತಗೋತೀವಿ, ಖಾಲಿ ಹೊಟ್ಟೀಲೆ ಬರ್‍ರಿ ಅಂದಾರ. ಇಲ್ಲಿಂದ ಸೀದಾ ದವಾಖಾನಿಗೇ ಹೋಗ್ತೀನಿ."

ಅವಳ ಉಪವಾಸ ರಕ್ತ ಪರೀಕ್ಷೆಯದು. ಕೆಳಗೆ ಅಮ್ಮ ಅದನ್ನು ಏಕಾದಶಿ ಎಂದು ತಿಳಿದಿದ್ದಾರೆ. ಹೇಳಿದರೆ ಒಂದೇ ವಾಕ್ಯದ ಮಾತು. ನಾನು ಅವಳಿಗೂ ಹೇಳಲಿಲ್ಲ, ಕೆಳಗೆ ಬಂದು ಅಮ್ಮನಿಗೂ ಹೇಳಲಿಲ್ಲ.

ಅಮ್ಮ ಕಾಯುತ್ತ ನಿಂತಿದ್ದರು. "ನಾಳೆ ಮುಂಜಾನೆ ಇಲ್ಲೇ ಬಂದುಬಿಡವ್ವಾ. ನಮ್ಮ ಜೋಡಿ ಊಟ ಮಾಡು, ಹಂಗ ಸಾಮಾನು ತರೋದೂ ಮಾತಾಡೂಣು."

"ಯಾಕ್ರಿ ತೊಂದ್ರಿ?"

"ಅದೇನ್ ತೊಂದ್ರಿ! ಮನಿ ನಿನಗ ಅಂದ್ವಿ, ಮುಗೀತು."

ಅಪ್ಪ ಯಾರ ಜಾತಿಯನ್ನೂ ಕೇಳಿದವರಲ್ಲ. ಅದು ಅವರ ಹೆಮ್ಮೆ. ಊರು ಕೇಳುತ್ತಾರೆ, ಆಮೇಲೆ ಆ ಊರಿನಲ್ಲಿರುವ ಪರಿಚಯದವರಿಗೆ ಫೋನು ಮಾಡುತ್ತಾರೆ. ಸಂಜೆ ಮಸರಕಲ್ಲಿನ ಈರಯ್ಯನವರಿಗೆ ಮಾಡಿದರು. ಅಪ್ಪನ ಜೊತೆ ಕೆಲಸ ಮಾಡಿದ ಮೇಷ್ಟ್ರು ಅವರು, ಕಿವಿ ಸ್ವಲ್ಪ ಮಂದ, ಹಾಗಾಗಿ ಮಾತು ದೊಡ್ಡದು. ಫೋನಿನಿಂದ ಹೊರಗೆ ಚೆಲ್ಲಿ ನಮಗೆಲ್ಲ ಕೇಳಿಸಿತು.

"ಮೌನೇಶ್ವರೀನ? ನಮ್ಮ ತಾಯಣ್ಣನ ಮಗಳ್ರೀ ರಾಯರ! ಕೂಲಿನಾಲಿ ಮಾಡಿ ಓದಿಸ್ಯಾನ. ಊರಿಗೇ ಹೆಮ್ಮಿ. ಮೊನ್ನೆ ಅವರ ಓಣ್ಯಾಗ ಬುದ್ಧವಿಹಾರ ಕಟ್ಟ್ಯಾರಲ್ಲ, ಆಕೀದೇ ಭಾಷಣ. ಏನ್ ಮಾತಾಡಿದ್ಲಂತೀರಿ!"

"ಹೌದೇನು. ಛಲೋ ಆತು ಈರಯ್ಯ, ಭಾಳ ಛಲೋ ಆತು," ಎಂದು ಅಪ್ಪ ಫೋನು ಇಟ್ಟರು.

ಯಾರೂ ಕೆಟ್ಟ ಮಾತು ಆಡಲಿಲ್ಲ. ನಮ್ಮ ಮನೆಯಲ್ಲಿ ಕೆಟ್ಟ ಮಾತು ಆಡುವ ರೂಢಿಯೇ ಇಲ್ಲ.

"ಮತ್ತ ಏಕಾದಶಿ ಮಾಡ್ತೀನಿ ಅಂದ್ಲಲ್ಲ?" ಎಂದರು ಅಮ್ಮ, ಮೋಸ ಹೋದವರ ಧ್ವನಿಯಲ್ಲಿ.

"ಉಪಾಸ ಅಂದ್ಲು ಆಕಿ. ಏಕಾದಶಿ ಅಂದಾಕಿ ನೀನು."

"ಛಲೋ ಹುಡುಗೀನ, ನಾ ಎಲ್ಲಿ ಅಲ್ಲ ಅಂದೆ? ಆದ್ರ ನನ್ನ ಮಡಿ ಒಣಗೋದು ಮಾಳಿಗಿ ಮ್ಯಾಲೆ. ಗಳ ಆಕಿ ಬಾಗಲಾ ಮುಂದೇ ಅದ. ದಿನಾ ಆಕಿ ಅದರ ಬುಡಕ ಬಗ್ಗಿ ಹೋಗಬೇಕು. ಆಕಿಗೂ ಸಂಕಟ, ನನಗೂ ಸಂಕಟ."

ಮಡಿಯೆಂದರೆ ಅಮ್ಮ ಸ್ನಾನ ಮಾಡಿ ಹಿಂಡಿ ಗಳದ ಮೇಲೆ ಹರವಿದ ಸೀರೆ. ಮರುದಿನ ಪೂಜೆಗೆ, ಅಡುಗೆಗೆ ಉಡುವತನಕ ಅದನ್ನು ಯಾರೂ ಸೋಕಬಾರದು. ನಾನು ಸೋಕಿದರೂ ಮತ್ತೆ ನೀರಿಗೆ ಹಾಕುತ್ತಾರೆ. ಹಾಗಿದ್ದ ಮೇಲೆ ನಾನು ಹೇಗೆ ಈ ಮನೆಯಲ್ಲಿದ್ದೇನೆ, ಗಳವನ್ನು ಇನ್ನೊಂದು ಗೋಡೆಗೆ ಕಟ್ಟಿದರೆ ಏನಾಗುತ್ತದೆ, ಎಂದೆಲ್ಲ ಕೇಳಬಹುದಿತ್ತು. ತಲೆಯೊಳಗೆ ಕೇಳಿದೆ. ಅಲ್ಲಿ ನಾನು ಬಹಳ ಚೆನ್ನಾಗಿ ಮಾತಾಡುತ್ತೇನೆ.

"ವಲ್ಲೀ, ನೀನ ಒಂದು ಫೋನ್ ಮಾಡಿಬಿಡು," ಎಂದರು ಅಪ್ಪ, ಕನ್ನಡಕ ಒರೆಸುತ್ತ. "ನಮ್ಮ ವಿದ್ಯಾಧೀಶ ಮಾನವಿಯಿಂದ ಬರ್ತಾನ, ಅವಗ ಕೊಡಬೇಕಾತು ಅಂತ ಹೇಳು. ನಾ ಮಾಡಿದ್ರ ಬ್ಯಾರೆ ಅರ್ಥ ಆಗ್ತದ. ಹುಡುಗೀರಿಗೆ ಹುಡುಗೀರು ಹೇಳಿದ್ರ ಮನಸ್ಸಿಗೆ ಹತ್ತಂಗಿಲ್ಲ."

ವಿದ್ಯಾಧೀಶ ನನ್ನ ದೊಡ್ಡಪ್ಪನ ಮಗ. ಮಾನವಿಯಲ್ಲಿ ಗುಡಿಯ ಪೂಜೆ ಅವನದು. ಅಲ್ಲಿಂದ ಕದಲುವ ಯೋಚನೆ ಅವನ ಕನಸಿನಲ್ಲೂ ಬಂದಿಲ್ಲ.

ಮೂಲೆಯಲ್ಲಿ ಕುಳಿತು ಒಂದು ಸಂದೇಶ ಬರೆದೆ. ಅಳಿಸಿದೆ. ಇನ್ನೊಂದು ಬರೆದೆ, ಅದರಲ್ಲಿ 'ದಯವಿಟ್ಟು ಬೇಸರಿಸಬೇಡಿ' ಎಂಬ ಮಾತು ಬಂತು. ಅಸಹ್ಯವೆನಿಸಿ ಅದನ್ನೂ ಅಳಿಸಿದೆ. ಬೆರಳು ತಾನಾಗಿಯೇ ಅಮೆರಿಕಕ್ಕೆ ಹೋಯಿತು. ಶನಿವಾರ ಊರೂರುಗಳಲ್ಲಿ ಸರ್ಕಾರದ ವಿರುದ್ಧ ಮೆರವಣಿಗೆ ಎಂದು ಸುದ್ದಿ. ಜನ ರಟ್ಟಿನ ಮೇಲೆ ಘೋಷಣೆ ಬರೆದುಕೊಳ್ಳುತ್ತಿದ್ದರು. ಒಬ್ಬ ಮುದುಕಿ ಗಾಲಿಕುರ್ಚಿಗೆ ಬಾವುಟ ಕಟ್ಟಿಸಿಕೊಳ್ಳುತ್ತಿದ್ದಳು. ಕೆಳಗೆ ಯಾರೋ ಅಧಿಕಾರಿಯ ಹೇಳಿಕೆ, ಅದರ ಕೆಳಗೆ ಪತ್ರಕರ್ತ ಸೇರಿಸಿದ ಒಂದು ಸಾಲು: ಈ ಮಾತಿಗೆ ಆಧಾರವಿಲ್ಲ. ಅವರಲ್ಲಿ ಸುಳ್ಳು ಹೇಳುವವರೂ ಇದ್ದಾರೆ, ಅದರ ಕೆಳಗೆ ಹೀಗೊಂದು ಸಾಲು ಬರೆಯುವವರೂ ಇದ್ದಾರೆ. ನಮ್ಮ ಮನೆಯಲ್ಲಿ ಆ ಎರಡನೆಯ ಕೆಲಸಕ್ಕೆ ಯಾರೂ ಇಲ್ಲ. ಇರುವವಳು ನಾನೊಬ್ಬಳು, ನನಗೆ ದಣಿವು.

"ಮಾಡಿದೇನು?" ಎಂದರು ಅಪ್ಪ, ಬಾಗಿಲಲ್ಲಿ ನಿಂತು.

ನನ್ನ ತಲೆ ಅಲ್ಲಾಡಿತು. ಹೌದೆಂದು ತಿಳಿದವರಿಗೆ ಹೌದು, ಇಲ್ಲವೆಂದು ತಿಳಿದವರಿಗೆ ಇಲ್ಲ. ಅಪ್ಪ ಹೌದೆಂದು ತಿಳಿದರು.

ಬೆಳಿಗ್ಗೆ ಅಮ್ಮ ಮಡಿಯುಟ್ಟು ಪಾರಣೆಯ ಅಡುಗೆ ಮುಗಿಸುವ ಹೊತ್ತಿಗೆ ಗೇಟಿನ ಸಪ್ಪಳವಾಯಿತು. ಮೌನೇಶ್ವರಿ, ಕೈಯಲ್ಲೊಂದು ತುಂಬಿದ ಚೀಲ.

"ಊರಿಂದ ಸೀತಾಫಲ ಕಳಿಸ್ಯಾರ್ರಿ ಯವ್ವಾ. ಇನ್ನಾ ಗಟ್ಟಿ ಅದಾವ, ಅಕ್ಕ್ಯಾಗ ಮುಚ್ಚಿಡ್ರಿ."

ಅಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ನಿಂತರು. "ನಾ ಮಡಿಯಾಗ ಅದೀನವ್ವಾ. ಅಲ್ಲೇ ಕಟ್ಟಿ ಮ್ಯಾಲೆ ಇಡು." ಅದು ಸುಳ್ಳೇನೂ ಆಗಿರಲಿಲ್ಲ.

ಅಪ್ಪ ನನ್ನ ಕಡೆ ನೋಡಿದರು, ಅವಳ ಕಡೆ ನೋಡಿದರು. ಶಲ್ಯ ಸರಿಮಾಡಿಕೊಂಡರು.

"ವಲ್ಲಿ ಫೋನ್ ಮಾಡ್ಲಿಲ್ಲೇನವ್ವಾ? ಏನಾತಂದ್ರ, ನಮ್ಮ ಅಣ್ಣನ ಮಗ ವಿದ್ಯಾಧೀಶ ಅಂತ. ಮಾನವ್ಯಾಗಿರ್ತಾನ. ಅವಗ ಇಲ್ಲಿಗೇ ವರ್ಗ ಆಗ್ಯದ. ನಿನ್ನೆ ಸಂಜಿಗೆ ತಿಳೀತು. ಮನಿ ಅವಗ ಕೊಡಬೇಕಾತು."

ದೇವರ ಪೂಜೆ ಮಾಡುವವನಿಗೆ ವರ್ಗ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಮೌನೇಶ್ವರಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಅದನ್ನೇ ನನಗೆ ನೋಡಲಾಗಲಿಲ್ಲ. ಬಾಗಿಲು ಹಾಕುವ ಮೊದಲೇ ಹಿಂದೆ ಸರಿದು ನಿಂತು ಅಭ್ಯಾಸವಾದವರ ಮುಖ ಅದು. ನಮಗೆ ಕಷ್ಟವಾಗಬಾರದೆಂದು ತಾನೇ ಮಾತು ಮುಂದುವರಿಸಿದಳು.

"ಹೌದೇನ್ರಿ ಸರ. ಮನಿ ಮಂದಿ ಬರ್ತಾರಂದ್ರ ಅವರಿಗೇ ಕೊಡಬೇಕ್ರಿ, ಏನ್ ತಪ್ಪೈತಿ." ಬ್ಯಾಗು ಹೆಗಲಿಗೇರಿಸಿಕೊಂಡು ಸಣ್ಣಗೆ ನಕ್ಕಳು. "ನಾ ಮನಿ ಹುಡುಕಾಕ ಶುರು ಮಾಡಿದಾಗಿಂದ ರಾಯಚೂರಾಗ ಎಲ್ಲಾರ ಅಣ್ಣನ ಮಕ್ಕಳಿಗೂ ವರ್ಗ ಆಗಾಕತ್ತಾವ ನೋಡ್ರಿ."

ಅಪ್ಪ ಕೂಡ ನಕ್ಕರು, ಗೊತ್ತಾಗಿಯೂ ಗೊತ್ತಾಗದವರಂತೆ. ಅವರ ಕಿವಿ ಕೆಂಪಗಾಗಿತ್ತು. ಆಸರೆಗೆ ಗೋಡೆ ಹುಡುಕುವವರ ಹಾಗೆ ನನ್ನ ಕಡೆ ತಿರುಗಿದರು.

"ಖರೇನವ್ವಾ, ಬೇಕಾದ್ರ ಈಕಿನ್ನ ಕೇಳು. ವಿದ್ಯಾಧೀಶನ ಜೋಡಿ ಈಕಿನೇ ಮಾತಾಡ್ಯಾಳ. ಹೌದಲ್ಲೇನು ವಲ್ಲೀ?"

ಮೂವರೂ ನನ್ನನ್ನು ನೋಡುತ್ತಿದ್ದರು. ಅಪ್ಪನ ಕಣ್ಣಲ್ಲಿ ಬೇಡಿಕೆಯಿತ್ತು. ಇಷ್ಟು ವರ್ಷ ನನ್ನನ್ನು ಓದಿಸಿದ, ಪರೀಕ್ಷೆಯ ದಿನ ನನಗಿಂತ ಮೊದಲು ಎದ್ದು ಕೂರುತ್ತಿದ್ದ ಅಪ್ಪ. ತಲೆ ಅಲ್ಲಾಡಿಸಿದರೆ ಸಾಕಿತ್ತು. ಕುತ್ತಿಗೆಗೆ ಅದು ರೂಢಿಯಾಗಿತ್ತು. ಮೌನೇಶ್ವರಿ ಆಗಲೇ ಚಪ್ಪಲಿಯಲ್ಲಿ ಒಂದು ಕಾಲು ತೂರಿಸಿದ್ದಳು, ನನ್ನ ಉತ್ತರ ಏನೆಂದು ತಿಳಿದವಳಂತೆ.

ನನ್ನದೇ ಧ್ವನಿ ಪಡಸಾಲೆಯಲ್ಲಿ ಕೇಳಿಸಿತು. ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು.

"ಇಲ್ಲಪ್ಪಾ. ಯಾರೂ ಬರಂಗಿಲ್ಲ. ಮನಿ ಖಾಲಿ ಅದ."